ಶಾಂಭವಿಯ ಕೈಗಿಲ್ಲದ ಹಳದಿ ಪಟ್ಟಿ

ಶಾಂಭವಿಗೆ ಹೊಟ್ಟೆಕಿಚ್ಚಿತ್ತು ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸುತ್ತಿ ಬಳಸಿ ಹೇಳಿದರೆ ಅದು ಬೇಸರ, ಅಸಮಾಧಾನ ಎಂದು ಹೆಸರು ಬದಲಿಸಿಕೊಂಡು ಸಭ್ಯರ ಹಾಗೆ ಓಡಾಡುತ್ತದೆ. ಅವಳದು ಶುದ್ಧ ಹೊಟ್ಟೆಕಿಚ್ಚು. ಅದು ಯಾದಗಿರಿಯಲ್ಲಿದ್ದ ಮೈದುನ ಬಸವಕುಮಾರನ ಹೆಂಡತಿ ಶಿವರಂಜನಿಯ ಮೇಲೆ. ನೆಗೆಣ್ಣಿಯರ ನಡುವೆ ಇದೇನು ಹೊಸದೇ ಎನ್ನುವವರು ಅನ್ನಲಿ, ಅವರ ಮನೆಯಲ್ಲೂ ಇಬ್ಬರು ಸೊಸೆಯರಿದ್ದಾರೆ.

ಶಿವರಂಜನಿಗೆ ಬ್ಯಾಂಕಿನಲ್ಲಿ ನೌಕರಿ ಇತ್ತು, ಶಾಂಭವಿ ಅದನ್ನು ಜೀರ್ಣಿಸಿಕೊಂಡಳು. ಕಾರು ಬಂತು, ಅದನ್ನೂ ಜೀರ್ಣಿಸಿಕೊಂಡಳು. ಶಹಾಪುರದ ಕಿರಾಣಿ ಅಂಗಡಿಯ ಹಿಂದಿನ ಮನೆಯಲ್ಲಿ ಗಂಡ ಶಿವರಾಜನ ಜೊತೆ ಅವಳು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದದ್ದು ಒಂದೇ ಒಂದು ಬಲದ ಮೇಲೆ. ಅತ್ತೆ ಗೊಲ್ಲಾಳಮ್ಮ ಅವಳ ಕೈಯ ಊಟ ಬಿಟ್ಟು ಬೇರೆ ಎಲ್ಲೂ ಉಣ್ಣುತ್ತಿರಲಿಲ್ಲ. ಲಿಂಗಪೂಜೆ ತಪ್ಪಿಸದ, ಹೋಟೆಲಿನ ಚಹಾ ಕೂಡ ಮುಟ್ಟದ ಹೆಂಗಸು. ಮದುವೆಗೆ ಹೋದರೂ ಬುತ್ತಿ ಜೊತೆಗಿರಬೇಕು. ಯಾದಗಿರಿಯ ಮಗನ ಮನೆಗೆ ಎರಡು ದಿನ ಹೋದರೂ ಶಾಂಭವಿ ಕಟ್ಟಿಕೊಟ್ಟ ರೊಟ್ಟಿಯೇ ಆಗಬೇಕು. "ನನ್ನ ಹಿರಿ ಸೊಸಿ ಕೈ ಅಡಿಗಿ ಬಿಟ್ರ ನನಗ ಸೇರಂಗಿಲ್ಲ" ಎಂದು ಒಮ್ಮೆ ಬೀಗರೆಲ್ಲ ಕೂತಿದ್ದ ಪಡಸಾಲೆಯಲ್ಲಿ ಅತ್ತೆ ಹೇಳಿದ್ದಳು. ಶಿವರಂಜನಿಯೂ ಅಲ್ಲೇ ಇದ್ದಳು. ಆ ಮಾತನ್ನು ಶಾಂಭವಿ ಚಿನ್ನದ ಸರದಂತೆ ಎತ್ತಿಟ್ಟುಕೊಂಡಿದ್ದಳು.

ಆಮೇಲೆ ಶಿವರಂಜನಿಗೆ ಒಂದು ರಿಸಾರ್ಟ್ ಕಂಪನಿಯ ಮೆಂಬರ್‌ಶಿಪ್ ಬಂತು. ಕಲಬುರಗಿಯ ಒಂದು ಹೋಟೆಲಿನಲ್ಲಿ ಗಂಡ ಹೆಂಡತಿ ಕೂಡಿ ಬಂದು ಕಂಪನಿಯವರ ಮಾತು ಕೇಳಿದರೆ ಊಟ ಪುಕ್ಕಟೆ, ಮೇಲೊಂದು ಕುಕ್ಕರ್ ಉಡುಗೊರೆ ಎಂದು ಕರೆ ಬಂದಿತ್ತಂತೆ. ಕುಕ್ಕರಿಗೆಂದು ಹೋದವರು ಮೆಂಬರ್‌ಗಳಾಗಿ ಬಂದರು. ಇನ್ನು ವರ್ಷಕ್ಕೊಂದು ವಾರ, ಕಂಪನಿಯ ಯಾವ ರಿಸಾರ್ಟಿನಲ್ಲಾದರೂ ಹೋಗಿ ಇರಬಹುದು. ಊಟದ ಪ್ಲಾನು ಬೇರೆ. ಅದನ್ನು ತೆಗೆದುಕೊಂಡರೆ ಕೈಗೆ ಒಂದು ಹಳದಿ ಪಟ್ಟಿ ಕಟ್ಟುತ್ತಾರೆ. ಅದು ಕೈಯಲ್ಲಿದ್ದರೆ ಬೆಳಗಿನ ನಾಷ್ಟಾದಿಂದ ರಾತ್ರಿಯ ಐಸ್‌ಕ್ರೀಮಿನವರೆಗೆ ತಿಂದದ್ದು, ಕುಡಿದದ್ದು ಎಲ್ಲ ಅದರಲ್ಲೇ ಬಂತು, ಯಾರೂ ಬಿಲ್ಲು ತಂದು ಮುಂದಿಡುವುದಿಲ್ಲ. ಹೋದ ವರ್ಷ ಶಿವರಂಜನಿ ಕೇರಳಕ್ಕೆ ಹೋಗಿ, ಆ ಪಟ್ಟಿ ಕಾಣುವಂತೆ ಗ್ಲಾಸು ಹಿಡಿದ ಫೋಟೋಗಳನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದೇ ಹಾಕಿದ್ದು. ನೋಡಿದವರಲ್ಲಿ ತನ್ನ ಹೆಸರು ಕಾಣಬಾರದೆಂದು ಶಾಂಭವಿ ಅವನ್ನು ಗಂಡನ ಫೋನಿನಲ್ಲಿ ನೋಡುತ್ತಿದ್ದಳು. ಒಂದೊಂದನ್ನು ಮೂರು ಮೂರು ಸಲ ನೋಡುತ್ತಿದ್ದಳು.

ಈ ವರ್ಷ ಡಿಸೆಂಬರಿನಲ್ಲಿ ಶಿವರಂಜನಿಯ ಫೋನು ಬಂತು.

"ಅಕ್ಕಾರ, ಈ ಸಲ ಗೋವಾ ಸಿಗಲಿಲ್ರಿ, ಎಲ್ಲಾ ಭರ್ತಿ ಆಗ್ಯಾವಂತ. ಸುರಪುರ ದಾಟಿ ಹೊಳಿ ದಂಡಿಗಿ ಕಂಪನಿಯವರು ಹೊಸಾದು ಕಟ್ಯಾರ, ಅದೊಂದೇ ಖಾಲಿ ಅದ. ಹೆಂಗೂ ಹತ್ರ ಅದ, ಅತ್ತಿಯವರನ್ನ ಕರ್ಕೊಂಡು ನೀವೂ ಬರ್ರಿ."

ಲಕ್ಷ ಸುರಿದು ಮೆಂಬರಾಗಿ ಕೊನೆಗೆ ಸಿಕ್ಕಿದ್ದು ಮಗ್ಗುಲ ತಾಲೂಕಿನ ಕೃಷ್ಣಾ ದಂಡೆ ಎಂದು ಶಾಂಭವಿಗೆ ಒಳಗೊಳಗೆ ಖುಷಿಯಾಯಿತು. ಆ ಖುಷಿ ಮುಂದಿನ ಪ್ರಶ್ನೆಯವರೆಗೆ ಬಾಳಿತು.

"ರೂಮ್ ನಮ್ಮ ಮೆಂಬರ್‌ಶಿಪ್‌ನ್ಯಾಗ ಬರ್ತದ್ರಿ. ಊಟದ ಪ್ಲಾನ್ ಒಬ್ಬೊಬ್ಬರ ಹೆಸರಿಗಿ ಬ್ಯಾರೆ. ನಿಮಗೂ ತಗೊಳ್ಲೇನ್ರಿ?"

"ಬ್ಯಾಡ ಬಿಡವ್ವ. ನನಗ್ಯಾಕ ಅದೆಲ್ಲ? ಬುತ್ತಿ ಕಟ್ಕೊಂಡು ಬರ್ತೀನಿ. ಅತ್ತಿಯಂತೂ ಹೊರಗ ಉಣ್ಣಂಗಿಲ್ಲ, ನಿನಗ ಗೊತ್ತದಲ್ಲ."

ನಮ್ಮ ಕಡೆ 'ಬ್ಯಾಡ' ಎಂಬುದು ಉತ್ತರವಲ್ಲ, ಮಾತಿಗೆ ಪೀಠಿಕೆ. ಸಗರದಿಂದ ಬಂದ ಸೋದರಮಾವ ಹೊಸಿಲಲ್ಲೇ "ಈಗ ಉಂಡು ಬಂದೇನಿ" ಅನ್ನುತ್ತಾನೆ. ಒಂದೇ ರೊಟ್ಟಿ ಎಂದರೆ "ಛೇ, ಹೊಟ್ಟ್ಯಾಗ ಜಾಗಾ ಇಲ್ಲ" ಅನ್ನುತ್ತಾನೆ. ಮೂರನೇ ಸಲ ರಟ್ಟೆ ಹಿಡಿದು ಕೂಡಿಸಿದರೆ ನಾಲ್ಕು ರೊಟ್ಟಿ ಮುಗಿಸಿ ಮಜ್ಜಿಗೆ ಕೇಳುತ್ತಾನೆ. ಒಂದೇ ಮಾತಿಗೆ ಹೂಂ ಎಂದವನು ಹೊಟ್ಟೆಬಾಕ, ಒಂದೇ ಸಲ ಕೇಳಿ ಬಿಟ್ಟವನು ಜುಗ್ಗ. ಶಾಂಭವಿ ಎರಡನೇ ಸಲದ ಕೇಳಿಕೆಗಾಗಿ ಕಾದಳು. ಆದರೆ ಶಿವರಂಜನಿಯ ತಂದೆ ರೈಲ್ವೆಯವರು, ಅವಳು ಬೆಳೆದದ್ದು ಸಿಕಂದರಾಬಾದಿನಲ್ಲಿ. ಬೇಡ ಎಂದರೆ ಬೇಡ ಎಂದೇ ತಿಳಿಯುವ ಜಾತಿ ಅವಳದು.

"ಆಯ್ತು ಬಿಡ್ರಿ ಅಕ್ಕಾರ" ಎಂದು ಅವಳು ಫೋನು ಇಟ್ಟಳು. ಶಾಂಭವಿ ಸ್ವಲ್ಪ ಹೊತ್ತು ಫೋನನ್ನು ಕಿವಿಯಿಂದ ತೆಗೆಯಲೇ ಇಲ್ಲ.

ಇರಲಿ ಎಂದುಕೊಂಡಳು. ಅತ್ತೆ ತನ್ನ ಕಡೆ ಇದ್ದಾಳಲ್ಲ. ಜೋಳದ ಖಡಕ್ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿಗಳು, ಸಿಹಿಗೆ ಮಾದಲಿ, ಕೆನೆ ಮೊಸರು ಎಲ್ಲ ಇಬ್ಬರಿಗೆ ವಾರವಿಡೀ ಸಾಲುವಷ್ಟು ಕಟ್ಟಿದಳು. ಹೆಚ್ಚುಕಡಿಮೆಯಾದರೆ ಇರಲೆಂದು ಜೋಳದ ಹಿಟ್ಟನ್ನೂ ಹಾಕಿಕೊಂಡಳು. ಕಟ್ಟುವಾಗ ಅವಳ ಕಣ್ಣ ಮುಂದೆ ಒಂದೇ ಚಿತ್ರವಿತ್ತು. ನೂರು ಬಗೆಯ ಅಡಿಗೆಯ ನಡುವೆ ಅತ್ತೆ ನೆಟ್ಟಗೆ ಕೂತು ಶಾಂಭವಿಯ ಬುತ್ತಿ ಬಿಚ್ಚಬೇಕು. ಹಳದಿ ಪಟ್ಟಿಯ ಶಿವರಂಜನಿ ಅದನ್ನು ನೋಡಬೇಕು. ಅಷ್ಟು ನೋಡಿದರೆ ಅವಳಿಗೆ ಗೋವಾವೂ ಬೇಡ, ಕೇರಳವೂ ಬೇಡ.

ಅಂಗಡಿ ಬಿಟ್ಟು ಬರಲಾಗದೆಂದು ಶಿವರಾಜ ಉಳಿದುಕೊಂಡ. ಬಸವಕುಮಾರನ ಕಾರು ಶಹಾಪುರಕ್ಕೆ ಬಂದು ಅತ್ತೆ ಸೊಸೆಯರನ್ನು ಹತ್ತಿಸಿಕೊಂಡಿತು. ರಿಸಾರ್ಟಿನ ಕೌಂಟರಿನಲ್ಲಿ ಹುಡುಗಿಯೊಬ್ಬಳು ಹಳದಿ ಪಟ್ಟಿಗಳನ್ನು ತಂದು ಮೊದಲು ಬಸವಕುಮಾರನಿಗೆ ಕಟ್ಟಿದಳು, ಆಮೇಲೆ ಶಿವರಂಜನಿಗೆ. ಮೂರನೆಯದನ್ನು ಹಿಡಿದು ಅವಳು ಇತ್ತ ತಿರುಗಿದಾಗ ಗೊಲ್ಲಾಳಮ್ಮ ಬಳೆಗಾರನ ಮುಂದೆ ಚಾಚಿದಂತೆ ಕೈ ಚಾಚಿದಳು.

"ಅತ್ತಿ, ನಿಮಗ್ಯಾಕ್ರಿ ಅದು?" ಎಂದಳು ಶಾಂಭವಿ.

"ಶಿವರಂಜನಿ ಮೊನ್ನೆ ಫೋನ್‌ನ್ಯಾಗ ಕೇಳಿದ್ಲು, ಹಾಕ್ಸವ್ವ ಅಂದೆ. ಒಳಗ ಸಸ್ಯಾಹಾರದ್ದು ಬ್ಯಾರೆ ಅಡಿಗಿಮನಿ ಅದಂತ."

ಶಾಂಭವಿ ಬುತ್ತಿಯ ಗಂಟನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. ಕೌಂಟರಿನ ಹುಡುಗಿ ನಗುತ್ತಲೇ, "ಮೇಡಂ, ನಿಮ್ಮದು ರೂಮ್ ಮಾತ್ರ ಇದೆ. ಕಾಟೇಜಿನಲ್ಲಿ ಸಣ್ಣ ಅಡಿಗೆಮನೆ ಇದೆ, ಬಳಸಬಹುದು" ಎಂದಳು. ಬಸವಕುಮಾರನಿಗೆ ಮುಜುಗರವಾಯಿತು.

"ವೈನಿ, ಈಗ ಹಾಕ್ಸಿದ್ರೂ ನಡಿತದಂತ. ಹಾಕ್ಸಿಬಿಡ್ಲೇನ್ರಿ?"

ಅಲ್ಲೇ ಹೂಂ ಅಂದಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಹತ್ತು ಜನರೆದುರು ಊಟ ಕೇಳಿ ತೆಗೆದುಕೊಳ್ಳುವುದೆಂದರೆ ಏನು? "ಬ್ಯಾಡ ಬ್ಯಾಡ, ನನಗ ಬುತ್ತಿ ಭಾಳ ಅದ" ಎಂದಳು. ಅವನು ಹೆಂಡತಿಯ ಮುಖ ನೋಡಿದ. "ಅಕ್ಕಾರಿಗಿ ಬ್ಯಾಡಂದ್ರ ಒತ್ತಾಯ ಯಾಕ ಮಾಡ್ತೀರಿ?" ಎಂದಳು ಶಿವರಂಜನಿ. ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು, ಅದೇ ಶಾಂಭವಿಗೆ ಹೆಚ್ಚು ಉರಿಯಿತು.

ಮಧ್ಯಾಹ್ನ ಮೂವರೂ ಊಟದ ಹಾಲಿಗೆ ಹೋದರು. ಶಾಂಭವಿ ಕಾಟೇಜಿನ ಅಡಿಗೆಮನೆಯ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ ಒಬ್ಬಳೇ ಕೂತಳು. ಒಬ್ಬಳೇ ಉಣ್ಣುವುದು ಅವಳಿಗೆ ಹೊಸದಲ್ಲ, ಮನೆಯಲ್ಲೂ ಎಲ್ಲರದಾದ ಮೇಲೆ ಒಲೆಯ ಪಕ್ಕ ಕೂತು ಉಣ್ಣುವವಳೇ. ಆದರೆ ಅಲ್ಲಿ ಅವಳ ಅಡಿಗೆ ಉಂಡವರ ತಾಟುಗಳು ಸುತ್ತ ಬಿದ್ದಿರುತ್ತಿದ್ದವು. ಇಲ್ಲಿ ಒಂದು ಎಂಜಲು ತಾಟೂ ಇರಲಿಲ್ಲ. ಅರ್ಧ ರೊಟ್ಟಿ ತಿಂದು ಉಳಿದದ್ದನ್ನು ಡಬ್ಬಿಗೆ ಹಾಕಿದಳು. ಎರಡು ತುತ್ತು ತಿಂದು ಅತ್ತೆ ಎದ್ದು ಬರುತ್ತಾಳೆ, "ಯವ್ವಾ, ಬುತ್ತಿ ತೆಗಿ" ಅನ್ನುತ್ತಾಳೆ ಎಂದು ಬಾಗಿಲ ಕಡೆ ನೋಡುತ್ತಾ ಕೂತಳು. ಅತ್ತೆ ಬಂದದ್ದು ಬಹಳ ಹೊತ್ತಿಗೆ, ಅದೂ ತೇಗುತ್ತಾ. ಅವಳ ತುಟಿ, ನಾಲಿಗೆ ಎಲ್ಲ ನೀಲಿಯಾಗಿತ್ತು.

"ಅದೇನೋ ಶರಬತ್ತು ಕೊಟ್ರವ್ವ. ಕೇಳಿದಷ್ಟು ಕೊಡ್ತಾರ" ಎಂದು ಹೇಳಿ ಗೊಲ್ಲಾಳಮ್ಮ ಮಲಗಿಬಿಟ್ಟಳು.

ಸಂಜೆಯ ಊಟಕ್ಕೆ ಶಾಂಭವಿಯೂ ಜೊತೆಗೆ ಹೊರಟಳು. ಉಣ್ಣುವುದಕ್ಕಲ್ಲ, ಸುಮ್ಮನೆ ನೋಡುವುದಕ್ಕೆ ಎಂದಳು. ಉಣ್ಣದೆ ಕೂತರೆ ಪಟ್ಟಿ ಬೇಕಾಗಿಲ್ಲವೆಂದು ಬಾಗಿಲಲ್ಲಿದ್ದವನು ಬಿಟ್ಟ. ಒಳಗೆ ಉದ್ದಕ್ಕೂ ಪಾತ್ರೆಗಳು, ಹೆಸರು ಗೊತ್ತಿಲ್ಲದ ಪಲ್ಯಗಳು, ಮೂರು ಬಣ್ಣದ ಕೇಕುಗಳು. ಮೂಲೆಯಲ್ಲಿ ಬಾಟಲಿಗಳ ಸಾಲು. ಅತ್ತ ಹೋದ ಬಸವಕುಮಾರ ತಾಯಿಯ ಕಣ್ಣಿಗೆ ಬೀಳದಂತೆ ಬೆನ್ನು ತಿರುಗಿಸಿ ನಿಂತು ಬಹಳ ಹೊತ್ತು "ಜ್ಯೂಸು" ಕುಡಿದ. ಇವೆಲ್ಲಕ್ಕೆ ಸೋಲಲು ಶಾಂಭವಿ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದಳು. ಮುದುಕಿ ಹೊಸ ರುಚಿಗೆ ಮರುಳಾಗಿದ್ದಾಳೆ, ನಾಲ್ಕು ದಿನದಲ್ಲಿ ನಾಲಿಗೆ ಸತ್ತು ಮತ್ತೆ ನನ್ನ ರೊಟ್ಟಿಗೇ ಬರುತ್ತಾಳೆ ಎಂಬುದು ಅವಳ ಲೆಕ್ಕ.

ಆದರೆ ಗೊಲ್ಲಾಳಮ್ಮ ಪಲ್ಯ, ಕೇಕುಗಳನ್ನೆಲ್ಲ ದಾಟಿ ನೆಟ್ಟಗೆ ಊಟದ ಹಾಲಿನ ಆ ತುದಿಗೆ ಹೋದಳು. ಅಲ್ಲಿ ಒಂದು ಒಲೆ, ಒಲೆಯ ಮೇಲೆ ದೊಡ್ಡ ಹಂಚು, ಹಂಚಿನ ಹಿಂದೆ ಸೆರಗು ಸಿಕ್ಕಿಸಿಕೊಂಡ ಒಬ್ಬ ಹೆಂಗಸು. ಪಟಪಟನೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವಳು ಕೆಂಭಾವಿ ಕಡೆಯ ಮೌನಮ್ಮ, ಹೊಳೆಯಲ್ಲಿ ಮೀನು ಹಿಡಿಯುವವರ ಮನೆಯವಳು. ಗೊಲ್ಲಾಳಮ್ಮ ಒಲೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಮೌನಮ್ಮ ಉಬ್ಬಿದ ರೊಟ್ಟಿಯನ್ನು ಹಂಚಿನಿಂದ ನೇರ ಅವಳ ತಾಟಿಗೆ ಹಾಕಿದಳು. ಹಬೆ ಹೋಗುವ ಮೊದಲೇ ಅದರ ಮೇಲೆ ಬೆಣ್ಣೆ ಸವರಿದಳು. ಗೊಲ್ಲಾಳಮ್ಮ ಕಣ್ಣು ಮುಚ್ಚಿ ಅಗಿದಳು.

"ಏನು ಕೈಯವ್ವ ನಿಂದು. ಇನ್ನೊಂದು ಹಾಕು."

ಕೇಕಿಗೆ ಸೋಲಬಹುದು, ನೀಲಿ ಶರಬತ್ತಿಗೆ ಸೋಲಬಹುದು. ರೊಟ್ಟಿಗೆ ಸೋಲುವುದೆಂದರೆ ಏನು? ಕಾಟೇಜಿನಲ್ಲಿ ಡಬ್ಬಿ ತುಂಬ ಅವಳ ರೊಟ್ಟಿ ಕೂತಿದೆ, ಅತ್ತೆ ಇಲ್ಲಿ ಯಾರದೋ ರೊಟ್ಟಿಯನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದಾಳೆ. ಅವಳು ಬಗ್ಗಿ ಅತ್ತೆಯ ಕಿವಿಯಲ್ಲಿ ಕೇಳಿದಳು, "ಅತ್ತಿ, ಆಕಿ ಯಾರ ಪೈಕಿ ಅಂತ ಕೇಳೀರೇನ್ರಿ?"

ಕೇಳಬಾರದ ಮಾತು ಅದು. ಅವಳಿಗೂ ಗೊತ್ತಿತ್ತು, ಆದರೆ ಹೊಟ್ಟೆ ಉರಿಯುವಾಗ ಬಾಯಿಗೆ ಲಗಾಮಿರುವುದಿಲ್ಲ. ಗೊಲ್ಲಾಳಮ್ಮ ದನಿ ತಗ್ಗಿಸಲಿಲ್ಲ.

"ಕೊರಳಾಗ ಲಿಂಗ ಕಟ್ಕೊಂಡು ಅದನ್ನ ಕೇಳ್ತಾರೇನು?"

ಮೌನಮ್ಮ ತಲೆ ತಗ್ಗಿಸಿ ಹಿಟ್ಟು ನಾದುತ್ತಲೇ ಇದ್ದಳು. ಶಾಂಭವಿಯ ಮುಖ ಕೆಂಪಾಯಿತು, ಆದರೂ ಸುಮ್ಮನಾಗಲಿಲ್ಲ. "ಹಂಗಾದ್ರ ಹೇಳ್ರಿ, ನನ್ನ ರೊಟ್ಟಿಗಿಂತ ಚಲೋ ಅದಾವೇನು?"

"ಬಿಸಿ ಅದಾವ" ಎಂದಳು ಅತ್ತೆ. ಅಷ್ಟೇ ಹೇಳಿದಳು.

ಅಷ್ಟರಲ್ಲಿ ಶಿವರಂಜನಿ ತಾಟು ಹಿಡಿದು ಬಂದು ಪಕ್ಕದಲ್ಲಿ ಕೂತಳು. ಗೊಲ್ಲಾಳಮ್ಮ ತನ್ನ ತಾಟಿನ ಬಿಸಿ ರೊಟ್ಟಿಯಲ್ಲಿ ಅರ್ಧ ಮುರಿದು, ಬೆಣ್ಣೆ ಇದ್ದ ಕಡೆಯ ಅರ್ಧವನ್ನೇ, ಅವಳ ತಾಟಿಗೆ ಹಾಕಿದಳು. "ಆರೂದ್ರಾಗ ತಿನ್ನವ್ವ." ಶಿವರಂಜನಿ ಬೇಡ ಎನ್ನಲಿಲ್ಲ, ಸಂಕೋಚಪಡಲಿಲ್ಲ, ತಿಂದಳು. ಶಾಂಭವಿ ನೋಡಿದಳು. ಆ ಮನೆ ಸೇರಿದಾಗಿನಿಂದ ಅತ್ತೆಯ ಕೈ ತನ್ನ ತಾಟಿನ ಕಡೆ ಒಮ್ಮೆಯಾದರೂ ಹೀಗೆ ಬಂದದ್ದುಂಟೇ ಎಂದು ನೆನಪಿಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ತಲೆನೋವು ಎಂದು ಹೇಳಿ ಕಾಟೇಜಿಗೆ ಹೋದಳು. ಅಲ್ಲಿ ಮುಖಕ್ಕೆ ಸೆರಗು ಒತ್ತಿಕೊಂಡು ಅತ್ತಳು.

ಬೆಳಿಗ್ಗೆ ಎದ್ದಾಗ ಅಳು ಹೋಗಿ ಹಟ ಉಳಿದಿತ್ತು. ಬಿಸಿ ಬೇಕೇನು, ಬಿಸಿಯನ್ನೇ ಕೊಡುತ್ತೇನೆ. ಅತ್ತೆ ಸ್ನಾನ ಪೂಜೆ ಮುಗಿಸುವಷ್ಟರಲ್ಲಿ ಹಾಕಿಬಿಡಬೇಕೆಂದು ನೀರು ಕಾಯಿಸಿ ಹಿಟ್ಟು ನಾದಿದಳು. ಆದರೆ ಕಾಟೇಜಿನ ಹಂಚು ದೋಸೆಯದು, ರೊಟ್ಟಿಯ ಜಾಯಮಾನವೇ ಅದಕ್ಕೆ ಗೊತ್ತಿಲ್ಲ. ಮೊದಲನೆಯದು ಹರಿಯಿತು, ಎರಡನೆಯದರ ಅಂಚು ಸೀದಿತು. ಸೀದದ್ದೂ ಸೇರಿ ಮೂರು ರೊಟ್ಟಿ ಆದಾಗ ತಿರುಗಿ ನೋಡಿದರೆ ಅತ್ತೆಯ ಕೋಣೆ ಖಾಲಿ. ಮಗ ಸೊಸೆ ಅವಳನ್ನು ನಾಷ್ಟಾಕ್ಕೆ ಕರೆದುಕೊಂಡು ಹೋಗಿಯಾಗಿತ್ತು.

ಶಾಂಭವಿ ರೊಟ್ಟಿಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಹಿಟ್ಟಿನ ಕೈಯಲ್ಲೇ ಊಟದ ಹಾಲಿನ ತನಕ ನಡೆದಳು. ಬಾಗಿಲಲ್ಲಿದ್ದವನು ಅಡ್ಡ ಬಂದ.

"ಹೊರಗಿನ ಊಟ ಒಳಗ ನಡಿಯಂಗಿಲ್ರಿ ಅಕ್ಕಾರ."

ಹೊರಗಿನ ಊಟ ಅಂತೆ. ಅವಳು ಗಾಜಿನ ಗೋಡೆಯಾಚೆ ನೋಡಿದಳು. ಅತ್ತೆ ಆಗಲೇ ಮೌನಮ್ಮನ ಒಲೆಯ ಪಕ್ಕದ ಕುರ್ಚಿಯಲ್ಲಿದ್ದಳು. ಗಾಜಿಗೆ ಮುಖ ಇಟ್ಟು ನಿಂತವಳನ್ನು ಕಂಡು ಗೊಲ್ಲಾಳಮ್ಮ ತಾಟು ಬಿಟ್ಟು, ಕೈ ತೊಳೆದು ಹೊರಗೆ ಬಂದಳು.

"ಯಾಕವ್ವ, ಇಲ್ಲಿ ನಿಂತಿ?"

"ಬಿಸಿ ರೊಟ್ಟಿ ತಂದೇನ್ರಿ. ನಿಮಗ ಬಿಸಿ ಬೇಕಲ್ಲ."

"ಈಗ ಉಂಡೆನಲ್ಲವ್ವ."

ಆ ಮಾತಿಗೆ ಶಾಂಭವಿಯ ಕಟ್ಟೆ ಒಡೆಯಿತು. "ಉಣ್ಣಾಕ ಆಕಿ ರೊಟ್ಟಿ ಬೇಕು, ಮುರಿದು ಕೊಡಾಕ ಶಿವರಂಜನಿ ಬೇಕು. ನಾ ಎದಕ್ಕ ಬೇಕ್ರಿ ನಿಮಗ? ಇಷ್ಟು ವರ್ಷ ನಿಮ್ಮ ಮನ್ಯಾಗ ರೊಟ್ಟಿ ಬಡದೇನಿ. ಒಂದಿನಾರ ನನ್ನ ತಾಟಿಗಿ ಒಂದು ತುಂಡು ಹಾಕೀರೇನು?"

ಗೊಲ್ಲಾಳಮ್ಮ ಮೆಟ್ಟಿಲ ಮೇಲೆ ಕೂತಳು. ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಕೂತಳು.

"ಹಾಕಾಕ ಬಂದಿದ್ದೆ. ನೀ ಹೊಸದಾಗಿ ಬಂದಾಗ ದಿನಾ ಕರೀತಿದ್ದೆ, ನನ್ನ ಜೋಡಿ ಕೂಡವ್ವ ಅಂತ. ನೀ ಬ್ಯಾಡ್ರಿ, ಆಮ್ಯಾಲ ಉಣ್ತೀನಿ ಅಂತಿದ್ದಿ. ಈಕಿಗಿ ನನ್ನ ಜೋಡಿ ಕೂಡೂದು ಸೇರಂಗಿಲ್ಲ ಅಂದ್ಕೊಂಡು ಬಿಟ್ಟೆ."

"ಹೊಸಾ ಸೊಸಿ ಹೂಂ ಅಂತಾಳೇನ್ರಿ, ಅತ್ತಿ? ಬ್ಯಾಡಂದ ಮ್ಯಾಲ ನೀವು ಇನ್ನೊಂದು ಸಲ ಅನಬೇಕಿತ್ತು."

"ನೀ ಅಂದಿಯೇನು? ಪೂಜಿ ಮುಗಿಸಿ ನಾ ಉಣ್ಣಾಕ ಕೂಡೂದ್ರಾಗ ಹೊತ್ತಾಗಿರ್ತದ, ರೊಟ್ಟಿ ಆರಿರ್ತಾವ. ಬಿಸಿ ಹಾಕಿಕೊಡ್ಲೇನ್ರಿ ಅಂತಿದ್ದಿ. ಬ್ಯಾಡ, ಇದೇ ಸಾಕು ಅಂದೆ. ಮನಿ, ಅಂಗಡಿ ಎರಡೂ ಕಡೆ ನೀ ಓಡ್ಯಾಡೂದು ನೋಡಿ ಹೂಂ ಅನ್ನಾಕ ನನಗ ಬಾಯಿ ಬರ್ತದೇನು? ಆಮ್ಯಾಲ ನೀನೂ ಕೇಳೂದು ಬಿಟ್ಟಿ. ನಾನು ಆರಿದ್ದ ಉಂಡೆ."

ಬೀಗರು ಬಂದರೆ ಮೂರು ಸಲ ಕೇಳುವ ಮನೆ ಅದು. ಸಗರದ ಸೋದರಮಾವನ ರಟ್ಟೆ ಹಿಡಿದು ಕೂಡಿಸಿದವಳು ಅವಳೇ. ಒಂದೇ ಒಲೆಯ ಎರಡು ಬದಿಗೆ ಕೂತ ಇಬ್ಬರು ಹೆಂಗಸರು ಮಾತ್ರ ಒಬ್ಬರನ್ನೊಬ್ಬರು ಪ್ರತಿ ಊಟಕ್ಕೂ ಒಂದೇ ಸಲ ಕೇಳಿ ಬಿಟ್ಟಿದ್ದರು. ಒತ್ತಾಯವೆಲ್ಲ ಬಂದು ಹೋಗುವವರಿಗೇ ಖರ್ಚಾಗಿತ್ತು.

"ಈಗ ನೀ ಏನಾರ ತಿಂದಿಯೇನು?" ಎಂದು ಕೇಳಿದಳು ಗೊಲ್ಲಾಳಮ್ಮ.

ಊಟ ಆಯ್ತ್ರಿ ಎನ್ನಲು ನಾಲಿಗೆ ಸಿದ್ಧವಾಗಿತ್ತು. ಅದಕ್ಕೆ ಬೇರೆ ಮಾತೇ ರೂಢಿಯಿಲ್ಲ. ಆದರೆ ನಿನ್ನೆಯಿಂದ ಅರ್ಧ ರೊಟ್ಟಿ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

"ಇಲ್ರಿ. ಹಸಿವ್ಯಾಗ್ಯಾದ" ಎಂದಳು. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು.

"ಕೂಡು ಹಂಗಾದ್ರ."

ಶಾಂಭವಿ ಮೆಟ್ಟಿಲ ಮೇಲೆ ಅತ್ತೆಯ ಪಕ್ಕ ಕೂತಳು. ಗೊಲ್ಲಾಳಮ್ಮ ಬಟ್ಟೆ ಬಿಚ್ಚಿ, ಅಂಚು ಸೀದ ರೊಟ್ಟಿಯನ್ನು ಒಮ್ಮೆ ನೋಡಿ, ಏನೂ ಅನ್ನದೆ ಮುರಿದು ಅವಳ ಅಂಗೈಯಲ್ಲಿ ಇಟ್ಟಳು. ಹಿಂಡಿಯಿಲ್ಲ, ಬೆಣ್ಣೆಯಿಲ್ಲ, ಬರೀ ರೊಟ್ಟಿ. ಇನ್ನೂ ಬೆಚ್ಚಗಿತ್ತು. ಶಾಂಭವಿ ತಿಂದಳು. ಅತ್ತೆ ಮತ್ತೊಂದು ತುಂಡು ಮುರಿದಳು, ಮತ್ತೊಂದು ಇಟ್ಟಳು. ಹೋಗುತ್ತಾ ಬರುತ್ತಾ ಹಳದಿ ಪಟ್ಟಿಯವರು ನೋಡಿದರು, ನೋಡಲಿ. ಮೊದಲನೆಯದು ಮುಗಿಯಿತು, ಎರಡನೆಯದೂ ಮುಗಿಯಿತು, ಮೂರನೆಯದರಲ್ಲಿ ಕೊನೆಯ ತುಂಡು ಉಳಿಯಿತು.

ಆಗ ಇವರನ್ನು ಹುಡುಕುತ್ತಾ ಶಿವರಂಜನಿ ಹೊರಗೆ ಬಂದಳು. ಅತ್ತೆಯ ಇನ್ನೊಂದು ಮಗ್ಗುಲಿಗೆ ಕೂತು, "ಅಕ್ಕಾರ, ನೀವ ಮಾಡೀರೇನ್ರಿ? ನನಗೂ ಒಂದು ತುಂಡು" ಎಂದು ಕೈ ಒಡ್ಡಿದಳು. ಗೊಲ್ಲಾಳಮ್ಮ ಯೋಚಿಸಲೇ ಇಲ್ಲ. ಕೊನೆಯ ತುಂಡನ್ನು ಆ ಕೈಗೆ ಇಟ್ಟುಬಿಟ್ಟಳು.

ಶಾಂಭವಿಯ ಹೊಟ್ಟೆಯಲ್ಲಿ ಅದೇ ಉರಿ ಎದ್ದಿತು, ಕಿಂಚಿತ್ತೂ ಕಡಿಮೆಯಿಲ್ಲದೆ. ನಿನ್ನೆಯ ಶಾಂಭವಿಯಾಗಿದ್ದರೆ ನಕ್ಕು, "ತಿನ್ನವ್ವ, ನನಗ ಸಾಕಾಯ್ತು" ಎಂದು ಎದ್ದು ಹೋಗಿ ಕಾಟೇಜಿನ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು. ಇವತ್ತು ಅವಳು ಅತ್ತೆಯ ಮಡಿಲ ಮೇಲಿಂದ ಕೈ ಚಾಚಿದಳು.

"ಅದು ನಂದು, ಶಿವರಂಜನಿ. ಕೊಡು."

ಬಾಯಿಯ ಹತ್ತಿರ ಹೋಗಿದ್ದ ತುಂಡು ಅಲ್ಲೇ ನಿಂತಿತು. ಶಿವರಂಜನಿ ಅತ್ತೆಯ ಮುಖ ನೋಡಿದಳು. ಅತ್ತೆ ಹೊಳೆಯ ಕಡೆ ನೋಡುತ್ತಿದ್ದಳು. ಶಿವರಂಜನಿ ತುಂಡನ್ನು ತಿರುಗಿ ಕೊಟ್ಟಳು. ಶಾಂಭವಿ ಅದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು, ಅವಳ ಮುಖ ನೋಡುತ್ತಲೇ ಅಗಿದಳು.